ಆ ಕೊನೆಯ 50 ಮೀಟರ್

ಪ್ಯಾರಿಸ್ ಒಲಿಂಪಿಕ್ಸ್ ಈಜಿನ ನಿಮ್ಮ ಮುಖ್ಯಾಂಶಗಳಲ್ಲಿ ಫ್ರಾನ್ಸ್‌ನ ಈಜುಗಾರ ಲಿಯೋನ್ ಮಾರ್ಷಾನ್‌ನ 200 ಮೀಟರ್ ಬಟರ್‌ಫ್ಲೈಗೆ (ಎರಡೂ ಕೈ ಒಟ್ಟಿಗೆ ಬೀಸಿ ಈಜೋ ಶೈಲಿ) ಒಂದೇ ಸಾಲು ಕೊಟ್ಟಿದ್ದೀರಲ್ಲ, ಅನ್ಯಾಯ ಸಾರ್! 2024ರ ಜುಲೈ 31ರ ಆ ಫೈನಲ್ ನೋಡಲು ನಾನು ನಡುರಾತ್ರಿವರೆಗೆ ನಿದ್ದೆಗೆಟ್ಟು ಕೂತಿದ್ದೆ.

150 ಮೀಟರ್ ಮುಗಿದಾಗ ಮುಂದಿದ್ದವನು ಈ ಸ್ಪರ್ಧೆಯ ವಿಶ್ವದಾಖಲೆ ಇಟ್ಟುಕೊಂಡಿರುವ ಹಂಗೇರಿಯ ಮಿಲಾಕ್. ಮುಗೀತು ಅಂದುಕೊಂಡೆ. ಆದರೆ ಕೊನೆಯ ಟರ್ನ್, ಅಂದ್ರೆ ಗೋಡೆ ಮುಟ್ಟಿ ತಿರುಗೋದು, ನೋಡಿ. ಮಾರ್ಷಾನ್ ಗೋಡೆ ಒದ್ದವನು ಬೇಗ ಮೇಲೆ ಬರಲೇ ಇಲ್ಲ. ನೀರಿನಡಿ 15 ಮೀಟರ್‌ವರೆಗೆ ಹೋಗಬಹುದು ಅನ್ನೋ ನಿಯಮವನ್ನು ಚೆನ್ನಾಗಿ ಬಳಸಿಕೊಂಡ. ಎರಡೂ ಕಾಲು ಜೋಡಿಸಿ ಡಾಲ್ಫಿನ್ ಥರ ಬಳುಕುತ್ತಾ ಹೋದ, ತಲೆ ಎತ್ತಿದಾಗ ಅಂತರ ಕರಗುತ್ತಾ ಬಂದಿತ್ತು, ಕೊನೆಗೆ ಅವನೇ ಗೆದ್ದ. 1 ನಿಮಿಷ 51.21 ಸೆಕೆಂಡ್, ಒಲಿಂಪಿಕ್ ದಾಖಲೆ. ಮಿಲಾಕ್ ಅರ್ಧ ಸೆಕೆಂಡ್ ಹಿಂದೆ. ಪಾಪ, ಅವನೂ ಕಮ್ಮಿ ಈಜಲಿಲ್ಲ.

ಅದಾಗಿ ಎರಡು ಗಂಟೆಯೊಳಗೆ ಅದೇ ಹುಡುಗ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೂ ಇಳಿದು 2 ನಿಮಿಷ 5.85 ಸೆಕೆಂಡ್‌ನಲ್ಲಿ ಇನ್ನೊಂದು ಚಿನ್ನ ಗೆದ್ದ. ಈ ಎರಡು ಈಜು ಶೈಲಿಗೆ ಕಾಲಿನ ಒದೆತವೇ ಬೇರೆ ಬೇರೆ, ಸುಮ್ನೆ ಆಗೋ ಮಾತಲ್ಲ. ಅಮೆರಿಕದ ಈಜು ದಿಗ್ಗಜ ಮೈಕಲ್ ಫೆಲ್ಪ್ಸ್‌ನನ್ನು ತಯಾರು ಮಾಡಿದ ಬಾಬ್ ಬೌಮನ್ ಇವನಿಗೂ ಕೋಚ್, ಅದನ್ನಾದರೂ ಬರೀಬಹುದಿತ್ತು ಅಲ್ವಾ?