ಚದರಡಿಗೆ ಎಷ್ಟು ಬಸವಣ್ಣ?

ಬಸವ ಜಯಂತಿಗೆ ನಾಲ್ಕು ದಿನವಿತ್ತು. ಮಂಡ್ಯದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ತಂಗಿ ಮಗಳ ಮದುವೆ ಬ್ಯಾನರಿಗೆ ಕಾದು ಕೂತಿದ್ದೆ. ಕಂಪ್ಯೂಟರ್ ಮುಂದಿನ ಹುಡುಗ ಯಾವುದೋ ಗುಡಿಯ ಜೀರ್ಣೋದ್ಧಾರದ ಫ್ಲೆಕ್ಸ್ ಮಾಡುತ್ತಿದ್ದ. ಸುತ್ತ ದಾನಿಗಳ ಮುಖ, ನಡುವೆ ಮುಖ್ಯ ದಾನಿ, ಕಪ್ಪು ಕನ್ನಡಕ, ಮುಗಿದ ಕೈ. ತಲೆ ಮೇಲೆ ಬಂಗಾರದ ಅಕ್ಷರ: 'ಉಳ್ಳವರು ಶಿವಾಲಯ ಮಾಡುವರು – ಬಸವಣ್ಣ'.

"ಮುಂದಿನದೆಲ್ಲಪ್ಪ?" ಅಂದೆ.

"ಹಾಕಿದ್ದೆ ಸಾ, ಅವ್ರೇ ತೆಗಿಸುದ್ರು. ಅಷ್ಟ್ ದುಡ್ ಕೊಟ್ಟೋನ ಫೋಟೋ ಕೆಳ್ಗೆ 'ನಾನೇನ ಮಾಡುವೆ ಬಡವನಯ್ಯಾ' ಅಂತ ಹಾಕ್ತೀಯೇನ್ಲಾ ಅಂತ ಬೈದ್ರು. ಕೊನೇಲಿ 'ಸ್ಥಾವರಕ್ಕಳಿವುಂಟು' ಅಂತ ಬೇರೆ ಐತೆ. ಗುಡಿ ಕಟ್ಟೋ ಹೊತ್ನಲ್ಲಿ ಅಪಶಕುನ ಅಲ್ವಾ?"

ಅವರದೂ ಸರಿಯೇ. ಕಾಲೇ ಕಂಬ, ದೇಹವೇ ದೇಗುಲ, ಕಟ್ಟಿದ್ದೆಲ್ಲ ಬೀಳುತ್ತದೆ ಎಂದವನನ್ನು ಎಂಟುನೂರು ವರ್ಷದ ಮೇಲೆ ಕಟ್ಟಡ ಸಮಿತಿಯ ಗೌರವಾಧ್ಯಕ್ಷ ಮಾಡಬೇಕೆಂದರೆ ಇಷ್ಟು ಕತ್ತರಿ ಬೇಡವೇ?

ಪಕ್ಕದ ಪರದೆಯಲ್ಲಿ ಹನ್ನೆರಡು ಅಡಿಯ ನಾಯಕರು. ಮೂಲೆಯಲ್ಲಿ ಅಂಚೆಚೀಟಿಯಷ್ಟು ಬಸವಣ್ಣ, ಪಕ್ಕದಲ್ಲಿ 'ಎನಗಿಂತ ಕಿರಿಯರಿಲ್ಲ'. 'ಶಿವಭಕ್ತರಿಗಿಂತ ಹಿರಿಯರಿಲ್ಲ' ಇರಬೇಕಾದ ಕಡೆ ಮರಿನಾಯಕರು ಕೂತಿದ್ದರು. ಅಳತೆ ಪ್ರಕಾರ ಅಲ್ಲಿ ಎಲ್ಲರಿಗಿಂತ ಕಿರಿಯ ಬಸವಣ್ಣನೇ, ಆ ಮಟ್ಟಿಗೆ ಮಾತು ನಿಜ.

ಕಬ್ಬಿನ ಸೀಮೆಯವರು ನಾವು. ಸಿಹಿ ಬುಡದಲ್ಲಿರುತ್ತದೆ, ತುದಿ ಸಪ್ಪೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಸೋಗೆ ದನಕ್ಕೆ, ಜಲ್ಲೆ ಗಾಣಕ್ಕೆ. ವಚನದ ಹೊತ್ತಿಗೆ ಮಾತ್ರ ಸೋಗೆಯನ್ನೇ ಅರೆದು ಬೆಲ್ಲ ಹಂಚುತ್ತೇವೆ.

ಪಾಪ ಅನ್ನಿಸುವುದು 'ಕಾಯಕವೇ ಕೈಲಾಸ'ದ ಪಾಡು. ಪರಿಚಯದ ಹೆಣ್ಣುಮಗಳೊಬ್ಬಳು ಹೋಗುವ ಗಾರ್ಮೆಂಟ್ಸ್‌ನಲ್ಲಿ ಹಾಜರಿ ಮಷೀನಿನ ಮೇಲೇ ಅದನ್ನು ಬರೆಸಿದ್ದಾರೆ. ಓಟಿ ದುಡ್ಡು ಕೇಳಿದರೆ ಅತ್ತ ಬೆರಳು ತೋರಿಸುತ್ತಾರಂತೆ. ಕೆಳಗೆ ಬಸವಣ್ಣನ ರುಜು ಬೇರೆ! ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿದವನು ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತರೂ ಹಂಗು ಹರಿಯಬೇಕು ಎನ್ನುತ್ತಾನೆ ಮಾರಯ್ಯ. ಪೂರ್ತಿ ಬರೆಸಿಬಿಟ್ಟರೆ ಸೂಪರ್‌ವೈಸರ್ ಬಂದಾಗ ಯಾರು ಏಳುತ್ತಾರೆ? ಅವನ ಹೆಂಡತಿ ಲಕ್ಕಮ್ಮ ಇನ್ನೂ ಗಟ್ಟಿಗಿತ್ತಿ. ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ 'ಈಸಕ್ಕಿಯಾಸೆ ನಿಮಗೇಕೆ' ಎಂದು ಗದರಿದವಳು. ಆ ಸಾಲನ್ನು ಮಾಲೀಕರ ಕೋಣೆಯಲ್ಲಿ ನೇತುಹಾಕಿದ್ದನ್ನು ನಾನಂತೂ ಕಂಡಿಲ್ಲ.

ಜಯಂತಿ ಕಳೆದು ಮಳೆ ಹಿಡಿಯಿತು. ಮೊನ್ನೆ ಮದ್ದೂರು ಕಡೆ ಹೋಗುವಾಗ ಆಲೆಮನೆಯೊಂದರ ಸೂರಿನ ಮೇಲೆ ಅದೇ ಫ್ಲೆಕ್ಸ್ ಕಂಡಿತು. ಸೋರದಿರಲೆಂದು ಮಡಚಿ ಹೊದಿಸಿ ಕಲ್ಲು ಹೇರಿದ್ದರು. ದಾನಿಗಳೆಲ್ಲ ಮಡಿಕೆಯೊಳಗೆ. ಹೊರಗೆ ಉಳಿದಿದ್ದು 'ಉಳ್ಳವರು' ಅನ್ನುವುದೊಂದೇ. ಅದರಡಿ ಕುಕ್ಕರುಗಾಲಲ್ಲಿ ಕೂತವನೊಬ್ಬ ಕೆಮ್ಮುತ್ತ ಒಲೆಗೆ ಕಬ್ಬಿನ ರಚ್ಚು ತಳ್ಳುತ್ತಿದ್ದ.