ಉತ್ತರ ಧ್ರುವಕ್ಕೆ ಹೋದ ದುಬೈ ವಿಮಾನ

ಬಜ್ಪೆ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇ ಉಂಟು ಎಂದರೆ ಮಂಗಳೂರಿನವರೇ ನಂಬುವುದಿಲ್ಲ. "ಎರಡನೆಯದ್ದು ಎಲ್ಲಿ ಮಾರಾಯಾ, ನಾವು ನೋಡ್ಲೇ ಇಲ್ಲ" ಅನ್ನುತ್ತಾರೆ. ಉಂಟು. 1951ರಲ್ಲಿ ನೆಹರೂ ಡಕೋಟಾದಲ್ಲಿ ಬಂದಿಳಿದ ನಿಲ್ದಾಣ ಅದು. ಹಳೆಯ ರನ್‌ವೇ 1,615 ಮೀಟರ್, ಹೆಸರು 09/27. 2006ರಲ್ಲಿ ಶುರುವಾದ ಹೊಸದು 2,450 ಮೀಟರ್, ಹೆಸರು 06/24. ಒಂದೊಂದು ತುದಿಗೆ ಒಂದೊಂದು ಅಂಕಿ; ಇವುಗಳಲ್ಲಿ ಜ್ಯೋತಿಷ್ಯ ಏನೂ ಇಲ್ಲ. ವಿಮಾನ ಮುಖ ಮಾಡುವ ದಿಕ್ಕಿನ ಡಿಗ್ರಿಯಲ್ಲಿ ಕೊನೆಯ ಸೊನ್ನೆ ತೆಗೆದರೆ ಆಯಿತು. 270 ಡಿಗ್ರಿ ಎಂದರೆ ನೇರ ಪಡು, ಅದೇ 27.

ನನ್ನ ಕಂಪ್ಯೂಟರಿನಲ್ಲಿರುವ ಸಿಮ್ಯುಲೇಟರ್, ಅಂದರೆ ವಿಮಾನ ಹಾರಿಸುವ ಆಟ, ಅದು ಕೂಡ 2006ರದ್ದೇ. ಹಳತಾಯಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದರ ಬಜ್ಪೆಯನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಬಹುದು. ನಿಜವಾದ ಬಜ್ಪೆಯಲ್ಲಿ ನನಗೆ ಟರ್ಮಿನಲ್ಲಿನ ಬಾಗಿಲಿನಾಚೆ ಇಣುಕಲಿಕ್ಕೂ ಬಿಡುವುದಿಲ್ಲ. ಇಲ್ಲಿ ನಾನೇ ಇಂಜಿನಿಯರ್, ನಾನೇ ಮಂತ್ರಿ.

ನನ್ನ ಆಸೆ ಏನೂ ದೊಡ್ಡದಲ್ಲ. ಗಲ್ಫ್ ವಿಮಾನಗಳು 24ರಲ್ಲಿ ಇಳಿಯುತ್ತಿರುವಾಗ, ಬೆಂಗಳೂರಿನ ಸಣ್ಣ ಎಟಿಆರ್ ವಿಮಾನ 27ರಲ್ಲಿ ಏರಬೇಕು. ಎರಡೂ ಒಟ್ಟಿಗೆ. ನಿಜವಾದ ಬಜ್ಪೆಗೆ ಇಂಥ ದರ್ದೇ ಇಲ್ಲ ಎಂದು ನನಗೂ ಗೊತ್ತು. ಆದರೆ ಊರಿಗೆ ಎರಡು ರನ್‌ವೇ ಇದ್ದು ಒಂದು ಸುಮ್ಮನೆ ಬಿಸಿಲು ಕಾಯಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಿಮ್ಯುಲೇಟರಿನಲ್ಲಿ ತಾವಾಗಿಯೇ ಹಾರಿ ತಾವಾಗಿಯೇ ಇಳಿಯುವ ವಿಮಾನಗಳಿಗೆ ಎಐ ಟ್ರಾಫಿಕ್ ಎಂದು ಹೆಸರು. ಈಗಿನ ಕವಿತೆ ಬರೆಯುವ ಎಐ ಎಂದುಕೊಳ್ಳಬೇಡಿ. ಇವಕ್ಕೆ ಗೊತ್ತಿರುವುದು ವೇಳಾಪಟ್ಟಿ ಒಂದೇ. ಅವುಗಳಿಗೆ ದಾರಿ ಹೇಳುವ ಕಂಟ್ರೋಲರ್ ಗಾಳಿಯನ್ನು ನೋಡುತ್ತಾನೆ, ಯಾಕೆಂದರೆ ವಿಮಾನ ಗಾಳಿಗೆ ಮುಖ ಕೊಟ್ಟೇ ಏರಬೇಕು, ಇಳಿಯಬೇಕು. ರನ್‌ವೇಗಳು ಸಮಾನಾಂತರವಾಗಿದ್ದರೆ ಎರಡನ್ನೂ ತೆರೆಯುತ್ತಾನೆ. ಒಂದಕ್ಕೊಂದು ಓರೆಯಾಗಿದ್ದರೆ, ಗಾಳಿಗೆ ಹೆಚ್ಚು ನೇರವಾಗಿರುವುದು ಮಾತ್ರ, ಇನ್ನೊಂದಕ್ಕೆ ಬೀಗ. ನಮ್ಮಲ್ಲಿ ಬೆಳಿಗ್ಗೆ ಘಟ್ಟದ ಕಡೆಯ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನದ್ದು. ಗಾಳಿ ಸ್ವಲ್ಪ ತಿರುಗಿ ನೇರ ಪಡುವಿನಿಂದ ಬೀಸಿತೋ, ದುಬೈ, ದೋಹಾ, ಮಸ್ಕತ್ ಎಲ್ಲವೂ ಉದ್ದದ ರನ್‌ವೇ ಬಿಟ್ಟು ಗಿಡ್ಡ 27ಕ್ಕೆ ಸಾಲುಗಟ್ಟುತ್ತಿದ್ದವು.

ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯ ಒಂದುಂಟು, ಕೇಳಿದರೆ ನಗು ಬರಬೇಕು. ಕಂಟ್ರೋಲರನ್ನು ಗೊಂದಲಕ್ಕೆ ಕೆಡವಲು ನಿಲ್ದಾಣದ ಲೆಕ್ಕಕ್ಕೆ ಕೆಲವು ಸುಳ್ಳು ರನ್‌ವೇ ಸೇರಿಸುವುದು. ನಾಲ್ಕು ಹೆಜ್ಜೆ ಉದ್ದದ್ದು ಸಾಕು. ಯಾರ ಕಣ್ಣಿಗೂ ಬೀಳಬಾರದೆಂದು ಅವನ್ನು ಉತ್ತರ ಧ್ರುವದ ಹತ್ತಿರ ಎಲ್ಲೋ ಇಡುವುದು. ಕಾಗದದಲ್ಲಿ ಮಾತ್ರ ಅವು ಬಜ್ಪೆಯವು.

ಇದನ್ನು ಹೆಂಡತಿಗೆ ವಿವರಿಸಲು ಹೋಗಬಾರದಿತ್ತು.

"ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸ್ಲಿಕ್ಕೆ ಹೇಳಿ ಮಳೆಗಾಲ ಬಂತು. ಅದಕ್ಕೆ ನಿಮಗೆ ಪುರ್ಸೊತ್ತಿಲ್ಲ. ಉತ್ತರ ಧ್ರುವದಲ್ಲಿ ರನ್‌ವೇ ಹಾಕ್ಲಿಕ್ಕೆ ಉಂಟು."

ಅಂಗಳದಲ್ಲಿ ಪಾಚಿ ಕಟ್ಟಿ ಹಾಲಿನವನು ಜಾರಿದ್ದು ನಿಜ. ಆದರೆ ಅಂಗಳಕ್ಕೆ ಜಲ್ಲಿ ಬೇಕು, ಸಿಮೆಂಟ್ ಬೇಕು, ಜನ ಬೇಕು. ಧ್ರುವಕ್ಕೆ ಮೌಸ್ ಒಂದು ಸಾಕು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ.

ಮೌಸ್ ಸಾಕು ಎಂದರೂ ಸಹನೆ ಬೇಡವೆಂದಲ್ಲ. ಒಂದು ಗೆರೆ ಅಲುಗಿಸಿದರೂ ಫೈಲ್ ಕಂಪೈಲ್ ಮಾಡಿ, ಅಂದರೆ ಸಿಮ್ಯುಲೇಟರಿಗೆ ಅರ್ಥವಾಗುವ ರೂಪಕ್ಕೆ ತಂದು, ಸಿಮ್ಯುಲೇಟರ್ ಮುಚ್ಚಿ, ಮತ್ತೆ ತೆರೆದು, ವಿಮಾನಗಳು ಒಂದೊಂದಾಗಿ ಮೂಡುವವರೆಗೆ ಕಾಯಬೇಕು. ನಡುವೆ ಕರೆಂಟ್ ಹೋಗುತ್ತದೆ. ಜೂನ್ ತಿಂಗಳಲ್ಲಿ ಇದು ಹವ್ಯಾಸವಲ್ಲ, ವ್ರತ.

ಕೊನೆಗೂ ಎರಡು ರನ್‌ವೇ ಒಟ್ಟಿಗೆ ತೆರೆದವು! ಆಗ ತಿಳಿಯಿತು, ಕಂಟ್ರೋಲರ್ ಇವೆರಡನ್ನು ಮೊದಲೇ ಯಾಕೆ ತೆರೆದಿರಲಿಲ್ಲ ಎಂದು. ಒಂದು ರನ್‌ವೇಯ ವಿಮಾನಕ್ಕೆ ಇನ್ನೊಂದರ ಸುದ್ದಿಯೇ ಇಲ್ಲ. ಏರುವ ಎಟಿಆರ್, ಇಳಿಯುವ ದೋಹಾ, ಎರಡೂ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಒಂದೇ ಟೈಮಿಂಗ್ ಇರುವ ಎರಡು ಸಿಟಿ ಬಸ್ಸುಗಳ ಹಾಗೆ ನುಗ್ಗಿದವು. ಪುಣ್ಯಕ್ಕೆ ಇಲ್ಲಿ ಡ್ರೈವರುಗಳು ಇಳಿದು ಜಗಳಕ್ಕೆ ನಿಲ್ಲುವುದಿಲ್ಲ. ಇಳಿದದ್ದು ತುದಿಯವರೆಗೆ ಹೋಗಿ, ತಿರುಗಿ, ಅದೇ ರನ್‌ವೇಯಲ್ಲಿ ಸಾವಕಾಶ ವಾಪಸ್ ಬರುವಾಗ ಹಿಂದಿನದ್ದು ಗೋ ಅರೌಂಡ್ ಎಂದು ಮೇಲೇರಿ ಮೂಡಬಿದಿರೆಯ ಆಕಾಶದಲ್ಲಿ ಸುತ್ತು ಹಾಕುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಇಳಿದ ವಿಮಾನಕ್ಕೆ ನಿಲ್ಲಲು ಜಾಗ ಸಿಗದಿದ್ದರೆ, ಅದು ನಿಂತಲ್ಲೇ ಮಾಯ. ಸಿಮ್ಯುಲೇಟರಿನ ನಿಯಮವೇ ಹಾಗೆ.

ಹಿಂದಿನಿಂದ ನೋಡುತ್ತಿದ್ದ ಅಮ್ಮ ಗಂಭೀರವಾದರು. "ಇಲ್ಲೇ ಇತ್ತಲ್ಲ ಮಗಾ, ಎಲ್ಲಿ ಹೋಯ್ತು?"

"ಪಾರ್ಕಿಂಗ್ ಸಿಗ್ಲಿಲ್ಲ ಅಮ್ಮ, ಮಾಯ ಆಯ್ತು."

"ಆ ಜಾಗೆಯಲ್ಲಿ ಎಂತದೋ ಉಂಟು. ಒಮ್ಮೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ನೋಡು."

ಆ ವಾರವೇ ದುಬೈಯಿಂದ ರಜೆಗೆ ಬಂದಿದ್ದ ಭಾವ, ಹೆಂಡತಿಯ ಅಣ್ಣ, ಮನೆಯಲ್ಲಿದ್ದರು. ವರ್ಷಕ್ಕೊಮ್ಮೆ ಬಜ್ಪೆಯಲ್ಲಿ ಇಳಿಯುವ ಮನುಷ್ಯನಿಗೆ ಇದು ಆಟವಲ್ಲ. ಗೋಳಿಬಜೆ ತಟ್ಟೆ ಹಿಡಿದು ಪಕ್ಕದಲ್ಲೇ ಕುಳಿತರು. ಅವರ ಮಗ ಎಸೆಸೆಲ್ಸಿ ಹುಡುಗ, ನಾನು ಕೈ ತೊಳೆಯಲು ಎದ್ದಾಗ "ಎಂತ ಆಗ್ತದೆ ನೋಡುವಾ" ಎಂದು ಸುಳ್ಳು ರನ್‌ವೇ ಒಂದರ ಮುಂದಿದ್ದ, 'ಇಳಿಯಲು ಮುಚ್ಚಿದೆ' ಎಂಬ ಟಿಕ್ ತೆಗೆದು ಕಂಪೈಲ್ ಕೊಟ್ಟಿದ್ದ.

ಎಂತ ಆಯಿತೆಂದರೆ, ದುಬೈಯಿಂದ ಬಂದ ವಿಮಾನ ಬಜ್ಪೆಯ ಹತ್ತಿರ ಬಂದು, ಇಳಿಯದೆ, ಬಲಕ್ಕೂ ಎಡಕ್ಕೂ ನೋಡದೆ ಉತ್ತರಕ್ಕೆ ಹೊರಟಿತು. ಉಡುಪಿ ದಾಟಿತು. ಕುಂದಾಪುರ ದಾಟಿತು. ಭಟ್ಕಳವೂ ದಾಟಿದ ಮೇಲೆ ಭಾವ ತಟ್ಟೆ ಕೆಳಗಿಟ್ಟರು.

"ಭಾವ, ಇದು ಎಲ್ಲಿಗೆ?"

"ಉತ್ತರ ಧ್ರುವಕ್ಕೆ."

"ಅಲ್ಲಾ, ಪಿಕಪ್‌ಗೆ ಬಂದವ್ರು ಹೊರಗೆ ನಿಂತಿರ್ತಾರಲ್ಲ? ಒಂದು ಫೋನಾದ್ರೂ ಮಾಡ್ಬೇಕಲ್ವಾ?"

ಅದರಲ್ಲಿ ಜನ ಇಲ್ಲ, ಸುಮ್ಮನೆ ಚಿತ್ರ ಎಂದು ಎಷ್ಟು ಹೇಳಿದರೂ ಅವರ ಮುಖ ಸರಿಯಾಗಲಿಲ್ಲ. ಗೋವಾ ದಾಟುವವರೆಗೂ ಕೂತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ರಜೆ ಮುಗಿಸಿ ಅವರು ಹೊರಟ ದಿನ ಬಜ್ಪೆಯಲ್ಲಿ ಜೋರು ಮಳೆ. ದುಬೈ ಮುಟ್ಟಿ ಫೋನ್ ಮಾಡಿದರು. ತಂಗಿಯ ಆರೋಗ್ಯ ಕೇಳುವ ಮೊದಲೇ ದನಿ ತಗ್ಗಿಸಿದರು.

"ಆ ವಿಮಾನ ಕಡೆಗೆ ಇಳಿಯಿತಾ ಭಾವ?"

ಸಮಾಧಾನವಾಗಲಿ ಎಂದು ಇಳಿಯಿತು ಎಂದೆ. ಪಾರ್ಕಿಂಗ್ ಸಿಗದೆ ಮಾಯವಾಯಿತು ಎಂದೂ ಹೇಳಿದೆ.

"ಅಯ್ಯೋ, ಹಾಗಾದ್ರೆ ಲಗೇಜು?"