ರೆಕ್ಕೆ ಕಟ್ಟಿದ ಸಿವಿಕ್, ನಮ್ಮೂರಿನ ‘ಸಿಂಗಲ್ ಓನರ್’ ಲೆಕ್ಕ

ನಮ್ಮೂರಲ್ಲಿ ಹಳೇ ಕಾರಿನ ಜಾಹೀರಾತು ಶುರುವಾಗುವುದೇ ‘ಸಿಂಗಲ್ ಓನರ್’ ಎಂಬ ಎರಡು ಪದಗಳಿಂದ. ಆಮೇಲೆ ಕಿಲೋಮೀಟರು, ಆಮೇಲೆ ಕೆಎ ಎಷ್ಟು ನಂಬರಿನದು ಎಂಬ ವಿಚಾರಣೆ. ಇಂಗ್ಲೆಂಡಿನಲ್ಲಿ ಹೋಂಡಾ ಸಿವಿಕ್ ಕಾರಿನ ಅತಿವೇಗದ ಆವೃತ್ತಿಯಾದ ಟೈಪ್ ಆರ್ ಅನ್ನು ಹಳೆಯದಾಗಿ ಕೊಳ್ಳಲು ಹೊರಟ ಪಳಗಿದವರ ಪ್ರಶ್ನೆಗಳೇ ಬೇರೆ. ಗೇರ್ ಬಾಕ್ಸಿನ ಎಣ್ಣೆ ಯಾವಾಗ ಬದಲಾಯಿಸಿದ್ದು? ನಾಲ್ಕೂ ಟೈರು ಒಂದೇ ಕಂಪನಿಯವೇ? ಎಸಿಯ ಅನಿಲ ತಣಿಸುವ ಕಂಡೆನ್ಸರ್ ಮೂಲದ್ದೋ, ಹೊಸದೋ? ಕಾರು ಮೂರು ಕೈ ದಾಟಿ ಬಂದಿದ್ದರೂ ಉತ್ತರ ಸರಿಯಿದ್ದರೆ ಕೊಳ್ಳುತ್ತಾರೆ. ಒಂದೇ ಕೈಯ ಕಾರಾದರೂ ಉತ್ತರವಿಲ್ಲದಿದ್ದರೆ ಬಿಟ್ಟು ಬರುತ್ತಾರೆ. ಈ ಅಭ್ಯಾಸ ನಮ್ಮ ಕಡೆಗೂ ಬರಬೇಕು ಎಂಬುದು ನನ್ನ ಬಲವಾದ ಅನಿಸಿಕೆ. ಅದಕ್ಕೆ ಟೈಪ್ ಆರ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಹೊರಗಿಂದ ಅಷ್ಟು ಅಬ್ಬರದ ಕಾರು, ಒಳಗೆ ಅಷ್ಟೇ ಲೆಕ್ಕಾಚಾರದ ಯಂತ್ರ.

ಹೇಳುತ್ತಿರುವುದು 2017ರಿಂದ 2021ರವರೆಗೆ ಬಂದ ತಲೆಮಾರಿನ ಬಗ್ಗೆ. ಅದರ ಒಳಹೆಸರು ಎಫ್‌ಕೆ8. ಇಡೀ ಜಗತ್ತಿಗೆ, ಜಪಾನಿಗೂ ಅಮೆರಿಕಕ್ಕೂ ಸೇರಿ, ಇದು ತಯಾರಾದದ್ದು ಇಂಗ್ಲೆಂಡಿನ ಸ್ವಿಂಡನ್ ಕಾರ್ಖಾನೆಯಲ್ಲಿ. ಎಂಜಿನ್ ಮಾತ್ರ ಅಮೆರಿಕದ ಒಹಾಯೋದಿಂದ ಹಡಗಿನಲ್ಲಿ ಬರುತ್ತಿತ್ತು. 2021ರ ಜುಲೈ 30ಕ್ಕೆ ಆ ಕಾರ್ಖಾನೆ ಮುಚ್ಚಿತು. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಯುರೋಪಿನ ಮಾದರಿಯಲ್ಲಿ 320 ಪಿಎಸ್ ಶಕ್ತಿ, 400 ನ್ಯೂಟನ್ ಮೀಟರ್ ಟಾರ್ಕ್, ಅಷ್ಟನ್ನೂ ಮುಂದಿನ ಎರಡೇ ಚಕ್ರಕ್ಕೆ ಕೊಡುತ್ತದೆ. ಆರು ಗೇರಿನ ಮ್ಯಾನುವಲ್ ಬಿಟ್ಟರೆ ಬೇರೆ ಆಯ್ಕೆ ಇಲ್ಲ. 2017ರ ಏಪ್ರಿಲ್‌ನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಒಂದು ಸುತ್ತನ್ನು 7 ನಿಮಿಷ 43.80 ಸೆಕೆಂಡಿನಲ್ಲಿ ಮುಗಿಸಿ, ಮುಂಚಕ್ರಕ್ಕೆ ಶಕ್ತಿ ಕೊಡುವ ಕಾರುಗಳಲ್ಲಿ ಅಂದಿನ ದಾಖಲೆ ಬರೆದ ಕಾರಿದು.

ಇನ್ನು ರೂಪದ ಮಾತು. ಹಿಂದೆ ಮೇಜಿನಗಲದ ರೆಕ್ಕೆ, ಬಾನೆಟ್ಟಿನ ಮೇಲೆ ಗಾಳಿಬಾಯಿ, ಚಾವಣಿಯ ಅಂಚಿನಲ್ಲಿ ಸಾಲು ಹಲ್ಲು, ಹಿಂದೆ ನಡುಮಧ್ಯೆ ಮೂರು ಸೈಲೆನ್ಸರ್ ಬಾಯಿ, ಸುತ್ತ ಕೆಂಪು ಗೆರೆ. ‘ಹುಡುಗಾಟದ ಕಾರು’ ಎಂದು ಮೂಗು ಮುರಿಯುವವರು ಬ್ರಿಟನ್ನಿನಲ್ಲೂ ಬೇಕಾದಷ್ಟು ಮಂದಿ. ಆದರೆ ಒಂದೊಂದನ್ನೂ ಬಿಡಿಸಿ ನೋಡಬೇಕು. ಚಾವಣಿಯ ಹಲ್ಲುಗಳು ಗಾಳಿಯನ್ನು ಕೆಳಕ್ಕೆ ಬಾಗಿಸಿ ರೆಕ್ಕೆಗೆ ಒಪ್ಪಿಸುತ್ತವೆ, ರೆಕ್ಕೆ ವೇಗದಲ್ಲಿ ಹಿಂಭಾಗವನ್ನು ರಸ್ತೆಗೆ ಒತ್ತುತ್ತದೆ. ಬಾನೆಟ್ಟಿನ ಬಾಯಿ ಎಂಜಿನ್ ಕೋಣೆಯ ಶಾಖ ಇಳಿಸಲು. ಮೂರು ಸೈಲೆನ್ಸರ್ ಬಾಯಿಗಳಲ್ಲಿ ನಡುವಿನ ಚಿಕ್ಕದು ಸದ್ದನ್ನು ಹದಗೊಳಿಸಲು. ಹೊಗೆಯ ರಭಸ ಹೆಚ್ಚಾದಾಗ ಅದರೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಅದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಕಿವಿ ಗುಂಯ್ಗುಡದಿರುವುದಕ್ಕೆ ಅದೇ ಕಾರಣ. ಇಷ್ಟೂ ಕೆಲಸದ ಅಂಗಗಳು. ಹಾಗಂತ ಎಲ್ಲವೂ ಅಲ್ಲ. ಬಂಪರಿನ ಮೂಲೆಗಳಲ್ಲಿರುವ ಜೇನುಗೂಡಿನಂಥ ಕಪ್ಪು ಜಾಲರಿಗಳಲ್ಲಿ ಬಹುಪಾಲು ಮುಚ್ಚಿದ ಪ್ಲಾಸ್ಟಿಕ್, ಅದರಲ್ಲೂ ಹಿಂದಿನವು ಬರೀ ಅಲಂಕಾರ. ಅದು ನನಗೆ ಈ ಕಾರಿನ ಒಂದೇ ಸುಳ್ಳು ಎನಿಸುತ್ತದೆ. 2022ರಲ್ಲಿ ಜಪಾನಿನಿಂದ ಬಂದ ಮುಂದಿನ ತಲೆಮಾರಿನಲ್ಲಿ ಹೋಂಡಾ ಆ ಹುಸಿ ಜಾಲರಿಗಳನ್ನು ತೆಗೆದೇಬಿಟ್ಟಿತು, ರೂಪವನ್ನೂ ಸೌಮ್ಯ ಮಾಡಿತು. ರೆಕ್ಕೆ ನೋಡಿ ಮುಜುಗರ ಪಡುವವರಿಗೆ ಹಳೆಯದರಲ್ಲೂ ದಾರಿ ಇದೆ: 2020ರಲ್ಲಿ ಬಂದ ‘ಸ್ಪೋರ್ಟ್ ಲೈನ್’ ಮಾದರಿಯಲ್ಲಿ ರೆಕ್ಕೆ ಗಿಡ್ಡ, ಚಕ್ರ 19 ಇಂಚು.

ಆ ಚಕ್ರದ ಇಂಚೇ ನಿಜವಾದ ವಿಷಯ, ರೆಕ್ಕೆಯಲ್ಲ. ಮಾಮೂಲಿ ಎಫ್‌ಕೆ8ಕ್ಕೆ 245/30 ಅಳತೆಯ 20 ಇಂಚಿನ ಟೈರು. ಅಗಲದ ಶೇಕಡ 30 ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ ಗೋಡೆ 73.5 ಮಿಲಿಮೀಟರ್, ನಾಲ್ಕು ಬೆರಳಿನಷ್ಟು. ಬ್ರಿಟನ್ನಿನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಡಾಂಬರು ಸಿಡಿದು ಗುಂಡಿ ಬೀಳುತ್ತದೆ. ಅಂಥ ಒಂದು ಗುಂಡಿ ಸಾಕು, ರಿಮ್ಮಿನ ಒಳಅಂಚು ಬಾಗುತ್ತದೆ ಅಥವಾ ಟೈರಿನ ಪಕ್ಕೆಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎಂದರೆ ಒಳಗಿನ ದಾರ ಹರಿದಿದೆ ಎಂದರ್ಥ. ಅದಕ್ಕೆ ಪ್ಯಾಚ್ ಇಲ್ಲ, ಟೈರನ್ನೇ ಬಿಸಾಡಬೇಕು. ಬಾಗಿದ ರಿಮ್ಮು ಹೊರಗಿನಿಂದ ಕಾಣುವುದಿಲ್ಲ. 90-100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸ್ ಮಾಡಿಸುವ ಮೊದಲು ಚಕ್ರ ಬಿಚ್ಚಿಸಿ, ಯಂತ್ರದ ಮೇಲೆ ತಿರುಗಿಸಿ ಒಳಬದಿ ನೋಡಬೇಕು.

ಹೀಗಾಗಿ ಅನುಭವಿಗಳು 18 ಇಂಚಿಗೆ ಇಳಿಯುತ್ತಾರೆ. 245/40 ಅಳತೆಯ ಟೈರ್ ಹಾಕಿದರೆ ಪಕ್ಕೆ 98 ಮಿ.ಮೀ. ಆಗುತ್ತದೆ, ಒಟ್ಟು ವ್ಯಾಸ ಎರಡು ಮಿ.ಮೀ. ಮಾತ್ರ ಕಡಿಮೆ, ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ. ಇಲ್ಲಿ ಮೂರು ಕಡೆ ಎಡವುವವರಿದ್ದಾರೆ. ಬೇರೆ ಸಿವಿಕ್‌ಗಳ ಚಕ್ರ ಇದಕ್ಕೆ ಕೂರುವುದಿಲ್ಲ, ಅವುಗಳ ನಟ್ಟುಗಳು ಕೂರುವ ವರ್ತುಲದ ವ್ಯಾಸ 114.3 ಮಿ.ಮೀ., ಟೈಪ್ ಆರ್‌ದು 120. ಮುಂದಿನ ಬ್ರೇಕ್ ಡಿಸ್ಕ್ 350 ಮಿ.ಮೀ. ಇರುವುದರಿಂದ ಎಲ್ಲ 18 ಇಂಚಿನ ರಿಮ್ಮುಗಳೂ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೆ ತಾಗದೆ ಕೂರುವುದಿಲ್ಲ, ಕೊಳ್ಳುವ ಮೊದಲು ಅಚ್ಚುಕಾಗದ ಇಟ್ಟು ಅಳೆಯಬೇಕು. ನಟ್ಟು ಕೂಡ ದಪ್ಪ, ಎಂ14. ಅದನ್ನು 127 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಬೇಕು, ಗಾಳಿಗನ್ನಿನಲ್ಲಿ ಸಿಕ್ಕಾಪಟ್ಟೆ ಬಿಗಿದರೆ ಸ್ಟಡ್ ಎಳೆದುಕೊಳ್ಳುತ್ತದೆ.

ಈ ಕಾರಿಗೆ ಸ್ಟೆಪ್ನಿ ಇಲ್ಲ, ಇರುವುದು ಅಂಟು ಮತ್ತು ಕಂಪ್ರೆಸರ್ ಮಾತ್ರ. ನಾವು ದಿನಾ ಬಳಸುವ ‘ಸ್ಟೆಪ್ನಿ’ ಎಂಬ ಮಾತು ಹುಟ್ಟಿದ್ದು ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ, 1904ರಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಿದ ಅಂಗಡಿಯಿಂದ. ಬ್ರಿಟನ್ ಆ ಪದವನ್ನು ಮರೆತಿದೆ, ಚಕ್ರವನ್ನೂ ಡಿಕ್ಕಿಯಿಂದ ತೆಗೆದಿದೆ. ನಮ್ಮೂರಲ್ಲಿ ಎರಡೂ ಉಳಿದಿವೆ. ಇದರಲ್ಲಿ ನಮ್ಮವರದೇ ಸರಿ ಎನ್ನುವೆ. ಪಕ್ಕೆ ಹರಿದ ಟೈರಿಗೆ ಅಂಟು ಕೆಲಸ ಮಾಡುವುದಿಲ್ಲ, ರಾತ್ರಿ ಹೆದ್ದಾರಿಯಲ್ಲಿ ಟೋ ಗಾಡಿಗೆ ಕಾಯುವುದೊಂದೇ ಗತಿ.

ಹಂಪ್‌ಗಳ ವಿಚಾರದಲ್ಲಿ ಎರಡೂ ಕಡೆ ಕಾನೂನು ಒಂದೇ ಅಳತೆಗೆ ಬಂದು ನಿಲ್ಲುತ್ತದೆ. ಬ್ರಿಟನ್ನಿನ ನಿಯಮದಲ್ಲಿ ಹಂಪ್ ಎತ್ತರ 100 ಮಿ.ಮೀ. ಮೀರುವಂತಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಭಾರತದ ರಸ್ತೆ ಕಾಂಗ್ರೆಸ್ (ಐಆರ್‌ಸಿ) ಮಾರ್ಗಸೂಚಿಯಲ್ಲೂ ಎತ್ತರ 10 ಸೆಂ.ಮೀ., ಆದರೆ ಅದನ್ನು 3.7 ಮೀಟರ್ ಉದ್ದಕ್ಕೆ ನಿಧಾನವಾಗಿ ಏರಿಸಿ ಇಳಿಸಬೇಕು. ವ್ಯತ್ಯಾಸ ಇರುವುದು ಪಾಲನೆಯಲ್ಲಿ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪ್ ಒಂದಡಿ ಅಗಲದಲ್ಲೇ ಆ 10 ಸೆಂ.ಮೀ. ಎತ್ತರ ಏರುತ್ತದೆ. ತಗ್ಗಾದ ಕಾರಿಗೆ ಎತ್ತರಕ್ಕಿಂತ ಈ ಕಡಿದಾದ ಏರೇ ಶತ್ರು: ಮುಂಚಕ್ರ ದಾಟಿ ಇಳಿದ ಕೂಡಲೇ ಹೊಟ್ಟೆ ತಾಗುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸುವುದು ಎರಡೂ ದೇಶದಲ್ಲಿ ನಡೆಯುವ ಉಪಾಯ. ಎಫ್‌ಕೆ8 ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ‘ಸ್ಪೋರ್ಟ್’ ಸ್ಥಿತಿಯಲ್ಲೇ ಎಚ್ಚರಗೊಳ್ಳುತ್ತದೆ. ಸಸ್ಪೆನ್ಷನ್ ಮೆದುವಾಗಬೇಕೆಂದರೆ ನೀವೇ ‘ಕಂಫರ್ಟ್’ಗೆ ಇಳಿಸಬೇಕು. ಗೇರ್ ಹಿಡಿ ಅಲ್ಯೂಮಿನಿಯಂದು, ಇಂಗ್ಲೆಂಡಿನ ಜನವರಿಯಲ್ಲಿ ಕೈಗವಸಿಲ್ಲದೆ ಹಿಡಿಯಲಾಗದು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಾದರೆ ಅದೇ ಹಿಡಿ ಅಂಗೈ ಸುಡುತ್ತದೆ.

ಕೊಳ್ಳುವಾಗ ನೋಡಬೇಕಾದವುಗಳಲ್ಲಿ ಎರಡನೇ ಗೇರಿಗೆ ಮೊದಲ ಸ್ಥಾನ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಓಡಿಸಬೇಕು. ಮಾರುವವರು ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಸುಳಿವು. ಮೊದಲಿಂದ ಎರಡಕ್ಕೆ, ಮೂರರಿಂದ ಎರಡಕ್ಕೆ ಹಾಕುವಾಗ ಕರಕರ ಸದ್ದು ಬಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಉಂಗುರ ಸವೆದಿರಬಹುದು. ಮೊದಲ ಮದ್ದು ಹೋಂಡಾದ ಗೇರ್ ಬಾಕ್ಸ್ ಎಣ್ಣೆ ಹೊಸದಾಗಿ ತುಂಬುವುದು. ಅದರಿಂದಲೂ ಸದ್ದು ಹೋಗದಿದ್ದರೆ ಗೇರ್ ಬಾಕ್ಸ್ ಇಳಿಸಬೇಕು, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯದೆ ಕೈ ಹಾಕಬಾರದು.

ಎರಡನೆಯದು ಕಂಡೆನ್ಸರ್. ಮುಂದಿನ ದೊಡ್ಡ ಬಾಯಿಯ ಹಿಂದೆ ಬರಿಮೈಯಲ್ಲಿ ಕೂತಿರುವುದರಿಂದ ಒಂದು ಕಲ್ಲು ಬಿದ್ದರೂ ಅನಿಲ ಸೋರುತ್ತದೆ. ಇಂಗ್ಲೆಂಡಿನಲ್ಲಿ ನವೆಂಬರಿನಲ್ಲಿ ಕಾರು ಕೊಂಡವರಿಗೆ ಇದು ಗೊತ್ತಾಗುವುದು ಜೂನ್‌ನಲ್ಲಿ. ಆದ್ದರಿಂದ ಚಳಿಯಲ್ಲೂ ಎಸಿ ಹಾಕಿ ತಂಪು ಬರುತ್ತದೆಯೇ ನೋಡಬೇಕು. ಕೊಂಡ ವಾರವೇ ಗ್ರಿಲ್ಲಿನ ಹಿಂದೆ ಸಣ್ಣ ಕಣ್ಣಿನ ಅಲ್ಯೂಮಿನಿಯಂ ಜಾಲರಿ ಕಟ್ಟಿಸುವುದು ಒಳ್ಳೆಯದು, ಆದರೆ ತೀರಾ ಸಣ್ಣ ಕಣ್ಣಾದರೆ ಗಾಳಿ ತಡೆಯುತ್ತದೆ. 2020ಕ್ಕಿಂತ ಹಿಂದಿನವು ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಬಿಸಿಯೇರುತ್ತವೆ ಎಂಬ ದೂರು ಮೊದಲೇ ಇತ್ತು. 2020ರ ಪರಿಷ್ಕರಣೆಯಲ್ಲಿ ಹೋಂಡಾ ಗ್ರಿಲ್ಲಿನ ಬಾಯಿಯನ್ನು ಶೇಕಡ 13ರಷ್ಟು ಹಿಗ್ಗಿಸಿದ್ದು, ಮುಂದಿನ ಡಿಸ್ಕ್‌ಗಳನ್ನು ಎರಡು ತುಂಡಿನವು ಮಾಡಿದ್ದು ಅದೇ ಶಾಖಕ್ಕಾಗಿ. ಹಣ ಸ್ವಲ್ಪ ಹೆಚ್ಚಾದರೂ 2020ರ ನಂತರದ್ದನ್ನೇ ನಾನು ಹೇಳುವುದು.

ಬ್ರಿಟನ್ನಿನಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಎರಚುತ್ತಾರೆ. ಹೊರಮೈ ಮಿರಮಿರ ಮಿಂಚುತ್ತಿದ್ದರೂ ಅಡಿಯಲ್ಲಿ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಹದಿನೈದು ದಿನಕ್ಕೊಮ್ಮೆ ಅಡಿಭಾಗಕ್ಕೆ ನೀರು ಹೊಡೆಸುವುದೊಂದೇ ಪರಿಹಾರ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಕಾರಿಡುವವರಿಗೂ ಇದೇ ಮಾತು, ಆದರೆ ನಮ್ಮಲ್ಲಿ ಕಾರು ತೊಳೆಯುವುದೆಂದರೆ ಬಾನೆಟ್ ಮತ್ತು ಗಾಜು ಎಂದಾಗಿಬಿಟ್ಟಿದೆ.

ಇನ್ನು ಕಾಗದ. ಇಂಗ್ಲೆಂಡಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ತಪಾಸಣೆ ಆಗಲೇಬೇಕು. ಅದರ ಫಲಿತಾಂಶ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿರುತ್ತದೆ. ನಂಬರ್ ಪ್ಲೇಟ್ ಹಾಕಿದರೆ ಸಾಕು, ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವ ಟೈರು ಸವೆದಿತ್ತು, ಯಾವ ಬುಷ್ ಸಡಿಲವಾಗಿತ್ತು ಎಲ್ಲ ಕಾಣುತ್ತದೆ. ಮೀಟರ್ ತಿರುಗಿಸಿ ಮಾರುವುದು ಇದರಿಂದ ಬಹಳ ಕಷ್ಟವಾಗಿದೆ. ಸತತ ಎರಡು ವರ್ಷ ‘ಟೈರ್ ಮಿತಿಯ ಹತ್ತಿರ ಸವೆದಿದೆ’ ಎಂದು ಬರೆದಿದ್ದರೆ ಆ ಮಾಲೀಕ ಎಣ್ಣೆಗೂ ಕೈ ಬಿಗಿಹಿಡಿದಿದ್ದಾನೆ ಎಂದೇ ತಿಳಿಯಬಹುದು. ನಮ್ಮ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ, ವಿಮೆ, ಹೊಗೆ ತಪಾಸಣೆ ಸಿಗುತ್ತದೆ, ಓಡಿದ ದೂರದ ಸಾಲು ಸಿಗುವುದಿಲ್ಲ. ಖಾಸಗಿ ಕಾರಿಗೆ ಹದಿನೈದು ವರ್ಷದವರೆಗೆ ಬ್ರೇಕು, ಸಸ್ಪೆನ್ಷನ್ ಯಾರೂ ಪರೀಕ್ಷಿಸುವುದಿಲ್ಲ. ‘ಸಿಂಗಲ್ ಓನರ್’ ಎಂಬ ಮಾತಿಗೆ ಅಷ್ಟು ಬೆಲೆ ಬಂದದ್ದು ಇದಕ್ಕೇ: ದಾಖಲೆ ಇಲ್ಲದ ಕಡೆ ಮನುಷ್ಯನ ಮೇಲೆ ನಂಬಿಕೆ ಇಡಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಆ ಮಾತು ನಡೆಯದಿರಲು ಇನ್ನೊಂದು ಕಾರಣವಿದೆ. ಮೊದಲ ಮಾಲೀಕರಲ್ಲಿ ಅನೇಕರು ಪಿಸಿಪಿ ಸಾಲದಲ್ಲಿ ತೆಗೆದುಕೊಳ್ಳುತ್ತಾರೆ. ಮೂರು ನಾಲ್ಕು ವರ್ಷ ತಿಂಗಳ ಕಂತು ಕಟ್ಟಿ, ಕೊನೆಯ ದೊಡ್ಡ ಮೊತ್ತ ಕಟ್ಟದೆ ಕಾರನ್ನೇ ಹಿಂದಿರುಗಿಸಬಹುದು. ಹಿಂದಿರುಗಿಸುವ ಕಾರಿಗೆ ಯಾರು ತಾನೇ ಅವಧಿಗೆ ಮೊದಲು ಎಣ್ಣೆ ಬದಲಿಸುತ್ತಾರೆ? ಪ್ರೀತಿಯಿಂದ ನೋಡಿಕೊಳ್ಳುವವನು ಬಹಳ ಸಲ ಎರಡನೆಯ, ಮೂರನೆಯ ಕೊಳ್ಳುಗ. ನಮ್ಮ ಕಡೆ ಮೊದಲ ದಿನವೇ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಹತ್ತು ವರ್ಷ ಮನೆಯ ಸದಸ್ಯನಂತೆ ಇಟ್ಟುಕೊಳ್ಳುವ ರೀತಿ ಇದೆಯಲ್ಲ, ಅದು ಯಂತ್ರಕ್ಕೆ ಒಳ್ಳೆಯದು. ಅದಕ್ಕೆ ಒಂದು ನೋಟ್‌ಬುಕ್ ಸೇರಿದರೆ ಸಾಕಿತ್ತು.

ಮಾರ್ಪಾಡಿನ ಬಗ್ಗೆ ಒಂದೆರಡು ಮಾತು. ಬ್ರಿಟನ್ನಿನಲ್ಲಿ ಚಕ್ರ ಬದಲಿಸಿದರೂ ವಿಮೆ ಕಂಪನಿಗೆ ತಿಳಿಸಬೇಕು, ಮುಚ್ಚಿಟ್ಟರೆ ಪರಿಹಾರ ತಿರಸ್ಕಾರವಾಗಬಹುದು. ತಿಳಿಸಿದರೆ ಸಾಮಾನ್ಯವಾಗಿ ಸ್ವಲ್ಪ ಕಂತು ಏರಿಸಿ ಒಪ್ಪುತ್ತಾರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಹೀಗಿದ್ದೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಟಿಸುವ ರೆಕ್ಕೆ ಸಿಗುತ್ತದೆ. ಎರಡು ಸ್ಕ್ರೂ, ಒಂದಿಷ್ಟು ಟೇಪಿನಲ್ಲಿ ನಿಂತ ರೆಕ್ಕೆ ಹೆದ್ದಾರಿಯಲ್ಲಿ ಕಿತ್ತು ಹಿಂದಿನ ಬೈಕಿನವನ ಮೇಲೆ ಬೀಳಬಹುದು. ಇದನ್ನು ನಾನು ಕಟುವಾಗಿಯೇ ವಿರೋಧಿಸುತ್ತೇನೆ. ಟೈಪ್ ಆರ್ ರೆಕ್ಕೆಯನ್ನು ಮೆಚ್ಚುವುದು ಅದು ದೇಹದ ಚೌಕಟ್ಟಿಗೆ ಬೋಲ್ಟಾಗಿ, ಗಾಳಿಸುರಂಗದಲ್ಲಿ ತೂಗಿ ನೋಡಿ ಬಂದದ್ದಕ್ಕೆ.

‘ಊರಿಗೆ ವಾಪಸ್ ಹೋಗುವಾಗ ಇದನ್ನೇ ತರಬಹುದಾ?’ ಎಂದು ಕೇಳುವ ಕನ್ನಡಿಗರಿಗೆ ಉತ್ತರ: ಎಫ್‌ಕೆ8 ಆಗದು. ಬಳಸಿದ ಕಾರು ತರುವ ನಿಯಮದಲ್ಲಿ ತಯಾರಾಗಿ ಮೂರು ವರ್ಷ ಮೀರಿರಬಾರದು, ಈ ಕಾರು 2021ಕ್ಕೇ ನಿಂತಿತು. ಟೈಪ್ ಆರ್ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಲೂ ಇಲ್ಲ. ನಮ್ಮಲ್ಲಿ ಆ ಜಾತಿಗೆ ಹತ್ತಿರದ್ದು 2025ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, 265 ಪಿಎಸ್, ಎಕ್ಸ್ ಶೋರೂಂ ಬೆಲೆಯೇ 50 ಲಕ್ಷ ದಾಟಿತ್ತು, ಮೇಲೆ ಕರ್ನಾಟಕದ ಆಜೀವ ತೆರಿಗೆ. ಕೈಗೆಟಕುವುದು ಹಳೆಯ ಪೋಲೊ ಜಿಟಿ ಟಿಎಸ್‌ಐ. ಅದರಲ್ಲಿ 1.2 ಲೀಟರಿನದಾದರೆ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಯನ್ನೇ ಮೊದಲು ಪರೀಕ್ಷಿಸಿ. ಸಿಲ್ಕ್ ಬೋರ್ಡಿನಂಥ ತೆವಳುವ ಟ್ರಾಫಿಕ್ಕಿನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯೇರುತ್ತದೆ. ಮೊದಲ ಎರಡು ಗೇರಿನಲ್ಲಿ ನಡುಕ, ರಿವರ್ಸಿಗೆ ಹಾಕಿದಾಗ ತಡ, ಡ್ಯಾಶ್‌ಬೋರ್ಡಿನಲ್ಲಿ ಗೇರ್ ಚಿಹ್ನೆ ಮಿನುಗುವುದು, ಈ ಮೂರರಲ್ಲಿ ಒಂದು ಕಂಡರೂ ಗೇರ್ ಬದಲಾವಣೆ ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಮತ್ತು ಕ್ಲಚ್ಚಿನ ಖರ್ಚು ಕೇಳಿಕೊಂಡು ಆಮೇಲೆ ಬೆಲೆ ಮಾತಾಡಿ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿ ನೋಡಿ. 2319 ಅಂದರೆ 2019ರ 23ನೇ ವಾರದ್ದು. ನಾಲ್ಕರಲ್ಲೂ ಬೇರೆ ಬೇರೆ ಇದ್ದರೆ ಏಕೆಂದು ಕೇಳಿ. ಮಾಲೀಕರ ಉತ್ತರ ತಡವರಿಸಿದರೆ, ಆರ್‌ಸಿಯಲ್ಲಿ ಒಂದೇ ಹೆಸರಿದ್ದರೂ, ನಾನಾದರೆ ಕೊಳ್ಳುವುದಿಲ್ಲ.